ಕೆಮ್ಮಿನ ಡಾಕ್ಟರ ಫ್ಲಾಸ್ಕು

ಮೊನ್ನೆ ಅಟ್ಟದಿಂದ ಇಳಿಸಿದ ಹಳೇ ಫ್ಲಾಸ್ಕಿನ ಬಿರಡೆ ಕಿತ್ತೆ ನೋಡಿ, ಸ್ಪಿರಿಟ್ಟೂ ಕಾಫಿಯೂ ಕಲೆತಂಥ ವಾಸನೆ ಬಂತು. ಅಷ್ಟೇ ಸಾಕಾಯ್ತು. ಕೆಮ್ಮಿನ ಡಾಕ್ಟರು ಬಂದು ಜಗಲಿ ಮೇಲೆ ಕೂತಂತಾಯ್ತು...

ಎಪ್ಪತ್ತರ ದಶಕದ ಕೊನೆ. ಅಜ್ಜಂಪುರದ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದ ಹೊಸತು. ನಮ್ಮ ಬೀದಿ ಕಡೆಯ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಮನುಷ್ಯರ ಕೆಮ್ಮಿನ ವೈರಸ್ಸು ಕುರಿ-ದನಕ್ಕೆ ಹತ್ತುತ್ತದಾ, ಅವುಗಳದ್ದು ನಮಗೆ ಹತ್ತುತ್ತದಾ ಅಂತ ಹುಡುಕುವುದೇ ಅವರ ಕೆಲಸ. ಯಾರಾದರೂ ಕೆಮ್ಮಿದ್ದು ಕೇಳಿದರೆ ಸಾಕು, ಸೈಕಲ್ ಇಳಿದುಬಿಡುತ್ತಿದ್ದರು.

ಆ ವರ್ಷ ಗೊಬ್ಬರಕ್ಕೆಂದು ನಮ್ಮ ತೆಂಗಿನ ತೋಟದಲ್ಲಿ ಕುರಿಮಂದೆ ನಿಲ್ಲಿಸಿದ್ದೆವು. ಮರಿ ಹಾಕುವ ಕಾಲ. ಉಸಿರು ಕಟ್ಟಿ ಹುಟ್ಟಿದ ಮರಿಯ ಮೂಗಿಗೆ ಬಾಯಿಟ್ಟು ಊದಿ ಬದುಕಿಸುವುದು ಕುರಿಯವರ ರೂಢಿ. ಮಂದೆಯ ಯಜಮಾನಿ ಹಾಗೆ ಊದಿದ್ದಳು. ಆಮೇಲೆ ಕುರಿಗಳೂ ಕೆಮ್ಮಿದವು, ಅವಳೂ ಜ್ವರ ಬಂದು ಮಲಗಿದಳು, ಊರ ಮಕ್ಕಳೂ ಕೆಮ್ಮತೊಡಗಿದರು. ಹಿರಿಯರು ತೋಟಕ್ಕೇ ಬಂದರು. "ಎಬ್ಬಿಸ್ರಿ ಮಂದೇನ!" ಆಗತಾನೇ ಈದ ಕುರಿಗಳು, ಏಳಲಾಗದ ಹೆಂಗಸು... ಕೆಮ್ಮುವ ಮಂದೆಯನ್ನು ಇನ್ಯಾವ ಊರು ಸೇರಿಸೀತು? ದಾರಿಯಲ್ಲೇ ಸಾಯಬೇಕಿತ್ತು.

ಡಾಕ್ಟರು ಅಡ್ಡ ನಿಂತು ಕೈ ಮುಗಿದರು. ಕೊನೆಗೊಂದು ಮಾತಾಯ್ತು. ಕುರಿಯ ಮೂಗಿನಿಂದಲೂ ಹೆಂಗಸಿನ ಗಂಟಲಿನಿಂದಲೂ ಒರೆಸಿ ತೆಗೆದ ಹತ್ತಿಕಡ್ಡಿಗಳು ಮಾರನೇ ದಿನದ ರೈಲಿಗೆ ಬೆಂಗಳೂರಿನ ಲ್ಯಾಬಿಗೆ ಹೋದರೆ ಉತ್ತರ ಬರುವ ತನಕ ಊರು ಕಾಯುತ್ತದೆ. ಹೋಗದಿದ್ದರೆ ಸಂಜೆಗೇ ಮಂದೆ ಏಳಬೇಕು.

ಮಾರನೇ ಬೆಳಿಗ್ಗೆ ಕಡ್ಡಿಗಳನ್ನು ಸೀಸೆಗೆ ಹಾಕಿ, ತರೀಕೆರೆಯ ಐಸ್‌ಕ್ಯಾಂಡಿ ಅಂಗಡಿಯಿಂದ ಬಸ್ಸಲ್ಲಿ ತರಿಸಿದ ಐಸಿನ ಜೊತೆ ಕೆಡದಂತೆ ಫ್ಲಾಸ್ಕಿನಲ್ಲಿಟ್ಟು, ಡಾಕ್ಟರು ಸ್ನಾನಕ್ಕೆ ಹೋದರು. ಪ್ರಯಾಣ ಹೊರಟವರ ಫ್ಲಾಸ್ಕಿನಲ್ಲಿ ತಣ್ಣೀರು ಇರುವುದುಂಟೇ? ಅವರೇ ರೈಲು ಹತ್ತುತ್ತಾರೆಂದುಕೊಂಡ ನಮ್ಮತ್ತೆ ಅದನ್ನು ಒಗೆಯುವ ಕಲ್ಲಿನ ಮೇಲೆ ಸುರಿದು, ಫ್ಲಾಸ್ಕು ತೊಳೆದು, ಬಿಸಿಬಿಸಿ ಕಾಫಿ ತುಂಬಿಬಿಟ್ಟರು!

"ಅಮ್ಮಾ, ಸೀಸೆಗಳು?" ಸ್ನಾನ ಮುಗಿಸಿ ಬಂದ ಡಾಕ್ಟರು ಫ್ಲಾಸ್ಕಿನ ಬಿರಡೆ ಕಿತ್ತು ಕೇಳಿದರು.

"ಕೊರೆಯೋ ಹಂಗೆ ತಣ್ಣಗಾಗಿದ್ವು ಕಣಪ್ಪಾ. ಒಲೆ ಪಕ್ಕ ಬೆಚ್ಚಗಿಟ್ಟಿದೀನಿ."

ಬೈಯುತ್ತಾರೆ ಅಂದುಕೊಂಡೆ. ಅವರ ತಲೆಯಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಐಸು ಪೂರ್ತಿ ಕರಗ್ಹೋಯ್ತಾ ನೋಡಮ್ಮಾ," ಅಂದರು ನನಗೆ. ಓಡಿದೆ. ಬಿಸಿಲು ಕಲ್ಲಿನ ಅಂಚಿಗೆ ಬಂದಿತ್ತು. ಕೈಗೆ ಸಿಕ್ಕ ಚೂರುಗಳನ್ನೆಲ್ಲ ಬಾಚಿಕೊಂಡೆ. ಕಾಫಿ ಚೊಂಬಿಗೆ ಬಗ್ಗಿಸಿ, ಬಾವಿ ನೀರಲ್ಲಿ ಫ್ಲಾಸ್ಕು ಆರಿಸಿ, ಐಸು ಹಾಕಿ, ಚೊಂಬನ್ನೂ ಹಿಡಿದು, ಹೊಸ ಕಡ್ಡಿ ತೆಗೆಯಲು ಇಬ್ಬರೂ ತೋಟಕ್ಕೆ ಓಡಿದೆವು.

ಬೇಲಿಯಾಚೆ ಹಿರಿಯರು ಆಗಲೇ ನಿಂತಿದ್ದರು. ಮಲಗಿದ್ದವಳು ಕಣ್ಣು ಬಿಟ್ಟಳು. "ಮತ್ತೆ ಕಡ್ಡಿನಾ ಡಾಕ್ಟ್ರೇ? ನಂಗೂ ಕುರಿಗೂ ಒಂದೇ ಕಡ್ಡಿ ಹಾಕ್ಬಿಟ್ಟೀರಿ ಮತ್ತೆ!"

"ಬೇರೆ ಬೇರೆ ಕಣಮ್ಮಾ. ಬಾಯ್ ತೆಗೀರಿ."

ಅವರ ಸೈಕಲ್ ಟೇಷನ್ ದಾರಿ ಹಿಡಿಯುವಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ನಾನು ಅವಳಿಗೆ ಚೊಂಬಿನ ಕಾಫಿ ಕುಡಿಸುತ್ತ ಕೂತೆ. ಕುರಿಗಳು ಕೆಮ್ಮುವುದೊಂದೇ ಸದ್ದು... ಬಹಳ ಹೊತ್ತಿಗೆ ಸೈಕಲ್ ತಿರುಗಿ ಬಂತು. ಹ್ಯಾಂಡಲಿನಲ್ಲಿ ಫ್ಲಾಸ್ಕು ಇರಲಿಲ್ಲ, ಗಾರ್ಡಿನ ಕೈಸೇರಿ ರೈಲು ಹತ್ತಿತ್ತು. ಹಿರಿಯರು ಬೇಲಿ ಬಿಟ್ಟು ಊರ ಕಡೆ ನಡೆದರು.

ಉತ್ತರ ಎಷ್ಟೋ ವಾರ ತಡೆದು ಫ್ಲಾಸ್ಕಿನ ಜೊತೆ ಬಂತು. ತಂಪು ಸಾಲದೆ ಕಡ್ಡಿಗಳಲ್ಲಿ ವೈರಸ್ಸು ಉಳಿದು ಬೆಳೆಯಲಿಲ್ಲ, ಯಾರಿಂದ ಯಾರಿಗೆ ಹತ್ತಿತೆಂದು ಹೇಳಲಾಗದು. ಅಷ್ಟರಲ್ಲಿ ಕೆಲವು ಮರಿಗಳು ಸತ್ತು, ಉಳಿದವು ಚೇತರಿಸಿಕೊಂಡು, ಯಜಮಾನಿ ತನ್ನ ಕಾಲ ಮೇಲೆ ತಾನೇ ಹಿರೇನಲ್ಲೂರಿನ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದಳು.

"ನನ್ನ ಕಾಫಿಯಿಂದ ನಿಮ್ ಕೆಲ್ಸ ಕೆಟ್ಹೋಯ್ತಲ್ಲಪ್ಪಾ," ಅಂತ ಅತ್ತೆ ಕಣ್ಣೊರೆಸಿಕೊಂಡರು.

"ಉತ್ತರ ಬರ್ಲಿ ಅಂತ ಊರು ಕಾಯ್ತಲ್ಲಮ್ಮಾ, ಅಷ್ಟು ಸಾಕು ಬಿಡಿ," ಅಂದರು ಡಾಕ್ಟರು. ಕಡೂರಿಗೆ ವರ್ಗವಾಗಿ ಹೊರಟ ದಿನ ಫ್ಲಾಸ್ಕನ್ನು ಅತ್ತೆಗೇ ಕೊಟ್ಟರು. "ಇನ್ಮೇಲೆ ಇದಕ್ಕೆ ಕಾಫಿನೇ ಹಾಕಿ."

ಅತ್ತೆ ಹಾಕಲೇ ಇಲ್ಲ. "ಬ್ಯಾಡ ಕಣೇ, ಅದ್ರಲ್ಲಿ ಕುರಿ ಕೆಮ್ಮೈತೆ," ಅಂತ ಅಟ್ಟಕ್ಕೇರಿಸಿದರು.

ಈಗ ಅತ್ತೆ ಇಲ್ಲ. ಡಾಕ್ಟರೂ ಹೋದರೆಂದು ಯಾರೋ ಕಡೂರಿನವರು ಹೇಳಿದರು, ಅದೂ ಎಷ್ಟೋ ತಡವಾಗಿ... ಮೊನ್ನೆ ಕಾಫಿ ಕಾಯಿಸಿ, ಫ್ಲಾಸ್ಕು ತೊಳೆಯೋಣವೆಂದು ಬೋರಲು ಹಾಕಿದೆ. ಒಳಗೆ ಗಾಜಿನ ಚೂರುಗಳು ಗಲಗಲ ಅಂದವು. ಬಿರಡೆ ಮುಚ್ಚಿಟ್ಟು, ಕಾಫಿಯನ್ನು ಲೋಟಕ್ಕೇ ಬಗ್ಗಿಸಿಕೊಂಡೆ.