ದಲಾಂದಾಳ ಬೆರಳಿಗೆ ಸಿಕ್ಕ ಮೂರು ಗಂಟು

ಬೆಳಕು ಹರಿಯುವ ಮುಂಚೆಯೇ ದಲಾಂದಾ ಮಣ್ಣಿನ ಒಲೆಯ ಬೂದಿ ತೆಗೆದಿದ್ದಳು, ರೊಟ್ಟಿಯ ಹಿಟ್ಟು ನಾದಿದ್ದಳು, ಮೇಕೆಯ ಹಾಲು ಕರೆದು, ಅತ್ತೆಯ ಮಾತ್ರೆ ತೆಗೆದಿಟ್ಟು, ಗಂಡನ ಬುತ್ತಿಗೆ ಮೊಟ್ಟೆ ಬೇಯಿಸಿ, ರವೆಗೆ ನೀರು ಚಿಮುಕಿಸಿ ಕುಸ್ಕುಸ್ ಕಾಳು ಉರುಳಿಸಿದ್ದಳು. ಸ್ನಾನ ಮಾತ್ರ ಗಡಿಬಿಡಿಯದು. ಎಡ ಎದೆಗೆ ಸೋಪು ತಾಗಿಸಿ ಮೂರು ತಿಂಗಳಾಗಿತ್ತು. ಅಲ್ಲೊಂದು ಗಂಟಿತ್ತು. ಯಾರಿಗೂ ಹೇಳಿರಲಿಲ್ಲ.

ಕೆಫ್ ಊರಿನ ಆರೋಗ್ಯ ಕೇಂದ್ರದಲ್ಲಿ ಹೆಂಗಸರಿಗೆ ಪಾಠವಿದೆಯೆಂದು ನಾದಿನಿ ರಫೀಕಾ ಎಳೆದುಕೊಂಡು ಬಂದಿದ್ದಳು. ಪಾಠ ಹೇಳುವುದು ಸೊಂಟದೆತ್ತರದ ಬಿಳಿ ರೋಬೋಟ್, ಹೆಸರು ನಜ್ಮಾ. ಯಾರ ಗಮನ ತಪ್ಪಿದರೂ ಮುಖ ನೋಡಿಯೇ ಗುರುತಿಸಿ ಹೆಸರು ಹಿಡಿದು ಕರೆಯುತ್ತಿತ್ತು. ಇವತ್ತಿನ ಪಾಠ ಎದೆಯ ಗಂಟಿನದು ಎಂದು ತಿಳಿದದ್ದೇ ದಲಾಂದಾ ಕಿಟಕಿಯತ್ತ ತಿರುಗಿದಳು.

“ದಲಾಂದಾ ಅಕ್ಕಾ, ಬೇಜಾರಾಯ್ತಾ? ಒಂದು ಹಾಡು ಹಾಕ್ಲಾ?” ಎಂದ ನಜ್ಮಾ ಡೋಲಿನ ಸದ್ದಿಗೆ ಸೊಂಟ ಕುಣಿಸಿತು.

“ಅವಳ ಗಂಡನೂ ಇಷ್ಟು ವಿಚಾರಿಸಲ್ಲ ಬಿಡೇ!” ಎಂದಳು ಹಿಂದಿನ ಸಾಲಿನವಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ದಲಾಂದಾಳ ಅಂಗೈ ಬೆವೆತಿತ್ತು. ಹೆದರಿಕೆ ಈ ಗೊಂಬೆಗೆ ಬೇಜಾರಾಗಿ ಕಂಡಿದೆ, ಸದ್ಯ. ಇನ್ನೊಮ್ಮೆ ನೋಡಿದರೆ ಏನು ಕಂಡೀತೋ!

“ಬನ್ನಿ ಅಕ್ಕಾ, ನೀವೇ ಮಾಡಿ ತೋರಿಸಿ,” ಎಂದಿತು ನಜ್ಮಾ.

ನರ್ಸ್ ಬಸ್ಮಾ ರಬ್ಬರಿನ ಎದೆಯೊಂದನ್ನು ಮುಂದಿಟ್ಟಳು. ಒಳಗೆಷ್ಟು ಗಂಟಿವೆಯೆಂದು ಮುಟ್ಟಿ ಹೇಳಬೇಕು. ಒಲ್ಲೆನೆಂದರೆ ಯಾಕೆಂದು ಕೇಳುತ್ತಾರೆ. ಮುಟ್ಟಿದಳು. ರವೆಯಲ್ಲಿ ದಪ್ಪ ಕಾಳು ಹುಡುಕುವ ಹಾಗೆ ಬೆರಳು ಸುತ್ತಿ ಸುತ್ತಿ ಹೋಗಿ ತಾವಾಗಿ ನಿಂತವು. ಒಂದು. ಎರಡು. ಮೂರನೆಯದು ಆಳದಲ್ಲಿ, ಅವಳ ಎದೆಯ ಗಂಟಿನಷ್ಟೇ ಗಟ್ಟಿ.

“ಮೂರು,” ಎಂದಳು.

“ಶಭಾಷ್! ಇಷ್ಟು ಬೇಗ ಯಾರೂ ಹೇಳಿರ್ಲಿಲ್ಲ. ಹೇಗೆ ಗೊತ್ತಾಯ್ತು ಅಕ್ಕಾ?” ನಜ್ಮಾ ಚಪ್ಪಾಳೆ ತಟ್ಟಿತು.

ದಲಾಂದಾ ಕೈಯನ್ನು ಹಿಂದಕ್ಕೆಳೆದುಕೊಂಡಳು. ಉತ್ತರ ಕೊಟ್ಟವಳು ರಫೀಕಾ: “ಏಳನೇ ವಯಸ್ಸಿಂದ ಕುಸ್ಕುಸ್ ಉರುಳಿಸಿದ ಕೈ ಅದು, ಗೊತ್ತಾಗದೆ ಇನ್ನೇನು!”

ಪಾಠ ಮುಗಿಯಿತು. ಅನುಮಾನ ಇರುವವರನ್ನು ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ಈಗಲೇ ನೋಡುತ್ತಾರೆ ಎಂದಳು ಬಸ್ಮಾ. ಒಬ್ಬರೂ ಅತ್ತ ಹೋಗಲಿಲ್ಲ. ನೆರೆಮನೆಯ ಮಬ್ರೂಕಾ ಹೋದ ವರ್ಷ ಆ ಕೋಣೆಗೆ ಹೋದವಳು ಚಳಿಗಾಲ ದಾಟಲಿಲ್ಲ. ತಡಮಾಡಿ ಬಂದಳು ಎಂದಿದ್ದರು ಡಾಕ್ಟರಮ್ಮ.

“ನಡಿ ಅತ್ತಿಗೆ, ವ್ಯಾನು ಹೊರಡ್ತದೆ. ಅಮ್ಮಂಗೆ ಊಟ ಬಡಿಸೋರ್ಯಾರು?”

“ನೀನೇ ಬಡಿಸು. ನಾನು ಮುಂದಿನ ವ್ಯಾನಿಗೆ ಬರ್ತೀನಿ.”

“ನಾನಾ?” ರಫೀಕಾ ಕಣ್ಣರಳಿಸಿದಳು. ಹೊರಗೆ ಹಾರ್ನ್ ಕೂಗಿತು, ಗೊಣಗುತ್ತ ಓಡಿದಳು.

ಮೊಗಸಾಲೆ ಖಾಲಿಯಾಯಿತು. ದಲಾಂದಾ ಬೆವೆತ ಅಂಗೈಯನ್ನು ಉಡುಪಿಗೆ ಒರೆಸಿಕೊಂಡು ಆ ಕೋಣೆಯ ಬಾಗಿಲು ತಟ್ಟಿದಳು.