ಎರಡು ಗಡಿಯಾರದ ಭೂಪಾಲ ಕಾಕಾ

ಭೂಪಾಲ ಕಾಕಾ ಎರಡೂ ಮುಂಗೈಗೆ ಗಡಿಯಾರ ಕಟ್ಟುತ್ತಿದ್ದ. ಎಡಗೈಯದು ಸರಿಯಾದ ವೇಳೆ ತೋರಿಸುತ್ತಿತ್ತು, ಬಲಗೈಯದು ಐದು ನಿಮಿಷ ಮುಂದೆ ಓಡುತ್ತಿತ್ತು. ‘ಕಾಕಾ, ಎಷ್ಟ ಆತ್ರಿ?’ ಎಂದು ಕೇಳಿದರೆ ನೇರ ಉತ್ತರ ಎಂದೂ ಬರುತ್ತಿರಲಿಲ್ಲ. ‘ಯಾವ ಟೈಂ ಬೇಕ ನಿನಗ? ಕೆಲಸ ಚಾಲೂ ಆಗೂ ಟೈಮೋ, ತಯಾರ ಆಗೂ ಟೈಮೋ?’ ಎಂದು ಎರಡೂ ಕೈ ಮುಂದೆ ಚಾಚುತ್ತಿದ್ದ. ಬೇಡಿ ಹಾಕಿಸಿಕೊಳ್ಳಲು ನಿಂತ ಕಳ್ಳನ ಹಾಗೆ ಕಾಣುತ್ತಿದ್ದ ಎಂದು ನಾನು ಹಿಂದಿನಿಂದ ನಗುತ್ತಿದ್ದೆ. ಎದುರಿಗೆ ‘ರೀ’ ಹಚ್ಚಿ ಮಾತನಾಡಿಸಿ, ಬೆನ್ನ ಹಿಂದೆ ಏಕವಚನದಲ್ಲಿ ಆಡಿಕೊಳ್ಳುವುದು ಅವನ ವಿಷಯದಲ್ಲಿ ನಮ್ಮ ಮನೆಯ ಎಲ್ಲರ ರೂಢಿಯಾಗಿತ್ತು.

ಕಾಕಾ ನನ್ನ ಅಪ್ಪನ ತಮ್ಮ. ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಟೈಂಕೀಪರ್. ಗೇಟಿನ ಪಕ್ಕದ ಕೋಣೆಯಲ್ಲಿ ಕುಳಿತು ಕಾರ್ಮಿಕರ ಬಿಲ್ಲೆ ನೋಡಿ ಒಳಗೆ ಬಿಡುವುದು ಅವನ ಕೆಲಸ. ಅಷ್ಟಕ್ಕೇ ಇಡೀ ಕಾರ್ಖಾನೆ ತನ್ನ ಮುಂಗೈ ಮೇಲೆ ನಡೆಯುತ್ತದೆ ಎಂಬ ಭ್ರಮೆ ಅವನಿಗಿತ್ತು. ನನ್ನ ಅಪ್ಪ ಅಲ್ಲೇ ಫಿಟ್ಟರ್ ಆಗಿದ್ದ. ಒಂದು ದಿನ ಅಪ್ಪ ಬಿಲ್ಲೆಯನ್ನು ಮನೆಯಲ್ಲೇ ಮರೆತು ಹೋದ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ತಮ್ಮ, ಬೆಳಿಗ್ಗೆ ಒಂದೇ ಒಲೆಯ ಮುಂದೆ ಕುಳಿತು ಚಹಾ ಕುಡಿದವನು, ಗೇಟಿನಲ್ಲಿ ಕೇಳಿದ್ದೇನು ಗೊತ್ತೇ? ‘ನಿಮ್ಮ ಹೆಸರೇನ್ರಿ?’ ಅಪ್ಪ ಸೈಕಲ್ ತುಳಿದುಕೊಂಡು ಮನೆಗೆ ಬಂದು ಬಿಲ್ಲೆ ಒಯ್ಯುವಷ್ಟರಲ್ಲಿ ಅರ್ಧ ದಿನದ ಹಾಜರಿ ಹೋಗಿತ್ತು. ಅಂದು ಸಂಜೆ ಅವ್ವ ಕಾಕಾನ ತಾಟಿಗೆ ರೊಟ್ಟಿ ಇಡಲಿಲ್ಲ, ಎಸೆದಳು. ಕಾಕಾ ತಣ್ಣಗೆ, ‘ವೈನಿ, ಅಣ್ಣಾ ಅನ್ನೂದು ಮನ್ಯಾಗ. ಗೇಟನ್ಯಾಗ ಬಿಲ್ಲೆನ ಅಣ್ಣಾ’ ಎಂದು ಊಟ ಮುಗಿಸಿ ಎದ್ದ. ಹೊತ್ತು ಮುಳುಗಲು ಇನ್ನೂ ಹನ್ನೆರಡು ನಿಮಿಷ ಇತ್ತು ಎಂದು ಸೇರಿಸುವುದನ್ನೂ ಮರೆಯಲಿಲ್ಲ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಆ ವ್ರತವನ್ನು ಎಲ್ಲರೂ ಧರ್ಮವೆಂದು ಪಾಲಿಸಿದರೆ, ಕಾಕಾ ಡ್ಯೂಟಿಯೆಂದು ಪಾಲಿಸುತ್ತಿದ್ದ.

ಅವನ ಹೆಂಡತಿ ಸುಮತಿ ಕಾಕಿಯದು ಮಾತು ಕಡಿಮೆ. ನಮ್ಮ ಮನೆ ಪಾಲಾದ ಮೇಲೆ ಶೇಡಬಾಳದ ಹೊರಗೆ, ನಾಲ್ಕೂ ಕಡೆ ಕಬ್ಬು ಇರುವ ತೋಟದ ಮನೆಯಲ್ಲಿ ಅವಳ ಸಂಸಾರ. ಕಬ್ಬು ಎದ್ದು ನಿಂತಿತೆಂದರೆ ಆ ಮನೆಯಿಂದ ಮೇಲಿನ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾರ್ಖಾನೆಯ ಕಬ್ಬು ನುರಿಸುವ ಹಂಗಾಮು ಮುಗಿಯುವ ಹೊತ್ತಿಗೆ ಕಬ್ಬು ಕಡಿದು ಹೋಗಿ, ಒಮ್ಮೆಲೇ ದೂರದ ರಸ್ತೆ, ಬಸದಿಯ ಶಿಖರ, ಹೋಗಿಬರುವ ಬಸ್ಸು ಎಲ್ಲ ಕಣ್ಣಿಗೆ ಬೀಳುತ್ತವೆ. ಆ ದಿನಗಳಲ್ಲಿ ಕಾಕಿ ಹಿತ್ತಲ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ‘ಎಷ್ಟ ದೂರ ಕಾಣತೈತಲ್ಲ!’ ಎನ್ನುತ್ತಿದ್ದಳು. ಪುಣೆಯ ಆಚೆ ಇರುವ ಒಂದು ದೊಡ್ಡ ಆಟದ ಪಾರ್ಕಿನ ಜಾಹೀರಾತು ಮರಾಠಿ ಪೇಪರಿನಲ್ಲಿ ಬಂದಾಗ, ಅದರಲ್ಲಿದ್ದ ಎತ್ತರದ ತಿರುಗುವ ಚಕ್ರದ ಚಿತ್ರವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ‘ಅದರ ಮ್ಯಾಲ ಒಮ್ಮೆ ಕುಂತ ನೋಡಬೇಕ್ರಿ’ ಎಂದು ಗಂಡನಿಗೆ ಹೇಳಿದಳು. ನನಗೆ ತಿಳಿದಂತೆ ಅವಳು ಗಂಡನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆಗ ಅವರ ಮಗಳು ತ್ರಿಶಲಾ ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಳು. ‘ಹೋಗೂಣು. ಆದ್ರ ಪದ್ಧತಶೀರ ಹೋಗೂಣು’ ಎಂದ ಕಾಕಾ. ಆ ಪದ್ಧತಿಗೆ ಹದಿನೆಂಟು ವರ್ಷ ಹಿಡಿಯಿತು.

ನಗಬೇಡಿ, ನಿಜ. ಮಳೆಗಾಲ ಬೇಡ, ಜಾರುತ್ತದೆ. ಚಳಿಗಾಲದಲ್ಲಿ ಹಂಗಾಮು. ಮೇ ತಿಂಗಳಲ್ಲಿ ಮುಂಬೈ ಮಂದಿಯೆಲ್ಲ ಅಲ್ಲೇ ಇರುತ್ತಾರೆ. ಉಳಿದದ್ದು ಚೈತ್ರ ಮಾತ್ರ. ಪ್ರತಿ ಯುಗಾದಿಗೂ ಬೇವು ಬೆಲ್ಲ ತಿಂದು ಕಟ್ಟೆಯ ಮೇಲೆ ಸಭೆ. ಒಂದು ವರ್ಷ ಹಂಗಾಮು ಉದ್ದವಾಯಿತು. ಒಂದು ವರ್ಷ ಮಹಾವೀರ ಜಯಂತಿ ಅಡ್ಡ ಬಂತು. ಮತ್ತೊಂದು ವರ್ಷ ಊರಲ್ಲಿ ಪಂಚಕಲ್ಯಾಣ ಪೂಜೆ, ಆಮೇಲೆ ತ್ರಿಶಲಾಳ ಹತ್ತನೇ ಪರೀಕ್ಷೆ, ಆಮೇಲೆ ಅವಳ ಮದುವೆ. ಪ್ರವಾಸದ ಮಾತು ಎದ್ದಾಗ ಎರಡನೇ ಇಯತ್ತೆಯಲ್ಲಿದ್ದ ಕೂಸಿಗೇ ಕೂಸು ಹುಟ್ಟಿತು. ಕಾಕಾ ಮಾತ್ರ ಪ್ರತಿ ವರ್ಷ ಹೊಸ ಪಟ್ಟಿ ಬರೆದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನೋಡಿದ್ದೇನೆ. ಕುಲಾವಿ ಹೊಲಿಯುತ್ತ ಕೂಸನ್ನೇ ಮರೆತವನು ಇವನೊಬ್ಬನೇ. ಗೋಡೆಯ ಚಿತ್ರ ಒಗ್ಗರಣೆಯ ಹೊಗೆಗೆ ಹಳದಿಯಾಗಿ, ಚಕ್ರ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಕಾಕಿ ಅದನ್ನು ಕೀಳಲಿಲ್ಲ.

ಕೊನೆಗೆ ನಿವೃತ್ತಿಯಾದ ಮರುವರ್ಷ ದಿನ ಗೊತ್ತಾಯಿತು. ಚಿಕ್ಕೋಡಿಯಿಂದ ನಾನು, ನನ್ನ ಗಂಡ ಮತ್ತು ಎಂಟು ವರ್ಷದ ಮಗಳು ಅಕ್ಷತಾ, ಜೊತೆಗೆ ತ್ರಿಶಲಾ, ಅವಳ ಗಂಡ, ಅವರ ಮಗು. ನಮ್ಮನ್ನೆಲ್ಲ ಒಂದು ವಾರ ಮೊದಲೇ ಶೇಡಬಾಳಕ್ಕೆ ಕರೆಸಿಕೊಂಡ. ಕಾರ್ಖಾನೆಯ ಹಳೆಯ ಹಾಜರಿ ಫಾರ್ಮಿನ ಬೆನ್ನ ಮೇಲೆ ವೇಳಾಪಟ್ಟಿ ತಯಾರಾಗಿತ್ತು. ‘೧೦-೦೦ ರಿಂದ ೧೦-೧೫, ಬಟ್ಟೆ ಬದಲಿ. ೧೦-೧೫ ರಿಂದ ೧೦-೩೫, ಆನಂದ. ೧೦-೩೫ ರಿಂದ ೧೦-೪೦, ತಲೆ ಒರೆಸುವುದು.’ ಹೌದು, ಆನಂದಕ್ಕೆ ಇಪ್ಪತ್ತು ನಿಮಿಷ. ಮಧ್ಯಾಹ್ನದ ಹೊತ್ತಿಗೆ ಮತ್ತೊಮ್ಮೆ ಹದಿನೈದು ನಿಮಿಷದ ಆನಂದವಿತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರವರ ಜವಾಬ್ದಾರಿ. ನನ್ನ ಹೆಸರಿನ ಮುಂದೆ ‘ಮಕ್ಕಳು’, ಅಳಿಯನ ಮುಂದೆ ‘ಚಪ್ಪಲಿ’. ಕಾಕಿಯ ಹೆಸರಿನ ಮುಂದೆ ‘ಚೀಲ’. ಚೀಲಗಳನ್ನು ಕಾಯುತ್ತ ಕೂರುವುದು ಎಂದರ್ಥ. ಚಕ್ರ ಇದ್ದದ್ದು ಎಲ್ಲ ಮುಗಿದ ಮೇಲೆ, ನಾಲ್ಕು ಹತ್ತಕ್ಕೆ.

‘ಕಾಕಾ, ಕಾಕಿ ನೀರಾಗ ಇಳ್ಯೂದ ಬ್ಯಾಡೇನ್ರಿ?’ ಎಂದೆ.

‘ಆಕಿಗೆ ಅದೆಲ್ಲಾ ಸೇರೂದಿಲ್ಲ’ ಎಂದ. ಕಾಕಿ ಅಲ್ಲೇ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಮರುದಿನ ರಂಗತಾಲೀಮು. ಕಬ್ಬು ಸಾಗಿಸುವ ಖಾಲಿ ಟ್ರೇಲರಿನಲ್ಲಿ ನಮ್ಮನ್ನೆಲ್ಲ ಕೂಡಿಸಿ, ಕಡಿದ ಕಬ್ಬಿನ ಗದ್ದೆಯಲ್ಲಿ ಗರಗರನೆ ಸುತ್ತಿಸುವಂತೆ ಟ್ರ್ಯಾಕ್ಟರಿನವನಿಗೆ ಹೇಳಿದ. ‘ಯಾರಿಗೆ ವಾಂತಿ ಬರತೈತಿ ಅನ್ನೂದ ಇಲ್ಲೇ ಗೊತ್ತಾಗಲಿ. ಅಲ್ಲಿ ಹೋಗಿ ಮರ್ಯಾದಿ ಕಳಕೊಳ್ಳೂದ ಬ್ಯಾಡ’ ಎಂದು ತಾನೂ ಹತ್ತಿ ನಿಂತ. ಪಕ್ಕದ ತೋಟದವರು, ದೂರದ ರಸ್ತೆಯಲ್ಲಿ ಹೋಗುವವರು ಎಲ್ಲ ನಿಂತು ನೋಡಿದರು. ನಾಲ್ಕನೇ ಸುತ್ತಿಗೆ ಒಬ್ಬರಿಗೆ ವಾಂತಿಯಾಯಿತು. ಅದು ಕಾಕಾನಿಗೇ. ಮುಖ ತೊಳೆದು ಬಂದು, ಪಟ್ಟಿಯ ಕೆಳಗೆ ತನ್ನ ಹೆಸರು ಬರೆಯುವ ಬದಲು ‘ಟ್ರ್ಯಾಕ್ಟರ್ ಸರಿ ಇಲ್ಲ’ ಎಂದು ಬರೆದ.

ಅಂತೂ ಹೊರಟೆವು. ಬಾಡಿಗೆಯ ಗಾಡಿ ಮಾಡಿಕೊಂಡು, ಹಿಂದಿನ ದಿನವೇ ಹೋಗಿ ಒಂದು ಧರ್ಮಶಾಲೆಯಲ್ಲಿ ಇಳಿದು, ಬೆಳಿಗ್ಗೆ ಪಾರ್ಕಿನ ಬಾಗಿಲು ತೆರೆಯುವ ಮುನ್ನವೇ ಅದರ ಮುಂದೆ ನಿಂತೆವು. ನೀರಿನಲ್ಲಿ ನಮ್ಮ ಇಪ್ಪತ್ತು ನಿಮಿಷದ ಆನಂದ ಮುಗಿಯಿತು. ಕಾಕಿ ಒಂದು ಛತ್ರಿಯ ಕೆಳಗೆ ಚೀಲಗಳ ನಡುವೆ ಕುಳಿತಿದ್ದಳು. ಅವಳು ನಮ್ಮತ್ತ ನೋಡುತ್ತಿರಲಿಲ್ಲ. ಕಾಂಪೌಂಡ್ ಗೋಡೆಯ ಹತ್ತಿರ ಚಕ್ರ ಸುಮ್ಮನೆ ನಿಂತಿತ್ತು, ಅದನ್ನೇ ನೋಡುತ್ತಿದ್ದಳು. ಬಿಸಿಲು ಇಳಿದ ಮೇಲೆಯೇ ಅದು ತಿರುಗುವುದಂತೆ.

ಮನೆಯ ಊಟವನ್ನು ಒಳಗೆ ಬಿಡುವುದಿಲ್ಲ. ಒಳಗಿನ ಅಂಗಡಿಗಳಲ್ಲಿ ಉಳ್ಳಾಗಡ್ಡಿ, ಬಟಾಟೆ ಇಲ್ಲದ ತಿಂಡಿಯಿಲ್ಲ, ನಾವು ಅವನ್ನು ಮುಟ್ಟುವುದಿಲ್ಲ. ಹೀಗಾಗಿ ಒಂದು ಗಂಟೆಗೆ ಗಾಡಿಯ ಹತ್ತಿರ ಹೋಗಿ ಉಂಡು ಬರುವುದೆಂದು ಪಟ್ಟಿಯಲ್ಲಿತ್ತು. ಹೊರಗೆ ಹೋಗುವಾಗ ಗೇಟಿನವನು ಎಲ್ಲರ ಎಡ ಮುಂಗೈ ಮೇಲೆ ನೀಲಿ ಮಸಿಯ ಶಿಕ್ಕಾ ಒತ್ತಿ, ಮರಳಿ ಬರುವಾಗ ಇದನ್ನು ತೋರಿಸಬೇಕು ಎಂದು ಮರಾಠಿಯಲ್ಲಿ ಹೇಳಿದ. ಕಾಕಾ ಗಡಿಯಾರವನ್ನು ಮೊಣಕೈಯತ್ತ ಸರಿಸಿ ಒತ್ತಿಸಿಕೊಂಡು, ಅವನ ಬೆನ್ನು ತಟ್ಟಿದ. ‘ಮೂವತ್ತ ವರ್ಷ ನಾನೂ ಇದ ಕೆಲಸ ಮಾಡೇನಿ’ ಎಂದು ನಮ್ಮ ಕಡೆ ತಿರುಗಿ ಹೆಮ್ಮೆಪಟ್ಟ.

ಗಾಡಿಯ ಹತ್ತಿರ ಮನೆಯಿಂದ ತಂದ ಸೋಸಿದ ನೀರಿನ ಕ್ಯಾನು, ಸಾಬೂನು, ತೆಂಗಿನ ನಾರು ಸಿದ್ಧವಿದ್ದವು. ‘ಆ ನೀರಾಗ ಸಾವಿರ ಮಂದಿ ಮುಳುಗೆದ್ದಾರ. ಮೊಣಕೈ ತನಕ ತಿಕ್ಕದ ಹೊರತು ಒಬ್ಬರೂ ತುತ್ತ ಎತ್ತಬಾರದ’ ಎಂದು ಕಾಕಾ ಅಪ್ಪಣೆ ಮಾಡಿದ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈ ತಪಾಸಣೆ ಮಾಡಿದ. ಅಕ್ಷತಾಳ ಕೈ ಹಿಡಿದು, ‘ಇನ್ನೂ ನೀಲಿ ಕೊಳಿ ಐತಿ ನೋಡ, ತಿಕ್ಕ’ ಎಂದು ತಾನೇ ನಾರಿನಿಂದ ತಿಕ್ಕಿದ. ಅವಳ ಕೈ ಕೆಂಪಾಯಿತು. ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಕಾ ‘ತಿಕ್ಕ’ ಎಂದರೆ ತಿಕ್ಕುವುದು ಚಿಕ್ಕಂದಿನಿಂದ ಬಂದ ಅಭ್ಯಾಸ.

ಉಂಡೆವು. ಪಟ್ಟಿಯ ಪ್ರಕಾರ ಎರಡಕ್ಕೆ ಐದು ನಿಮಿಷ ಇರುವಾಗ ಗೇಟಿಗೆ ಬಂದೆವು. ಗೇಟಿನವನು ನಮ್ಮ ಕೈಗಳನ್ನು ನೋಡಿದ, ತಿರುಗಿಸಿ ನೋಡಿದ. ‘ಶಿಕ್ಕಾ ನಾಹೀ, ತರ ಆತ ನಾಹೀ’ ಎಂದ. ಶಿಕ್ಕಾ ಇಲ್ಲದಿದ್ದರೆ ಒಳಗಿಲ್ಲ.

ನಾನು ಜಗಳಕ್ಕೆ ನಿಂತೆ. ಬೆಳಿಗ್ಗೆ ನೀನೇ ಒಳಗೆ ಬಿಟ್ಟೆ, ಮುಖ ನೆನಪಿಲ್ಲವೇ ಎಂದೆ. ಅಕ್ಷತಾ ಅಳತೊಡಗಿದಳು. ಆಗ ಕಾಕಾ ನನ್ನ ಭುಜ ಹಿಡಿದು ಹಿಂದೆ ಎಳೆದ. ಅವನ ಮುಖ ಬಿಳಿಚಿಕೊಂಡಿತ್ತು.

‘ಸುಮ್ನಿರ. ಅವಂದ ಬರೋಬರ್ ಐತಿ’ ಎಂದ.

ಅಣ್ಣನನ್ನೇ ತಿರುಗಿ ಕಳಿಸಿದ ಮನುಷ್ಯ ಮತ್ತೇನು ಹೇಳಿಯಾನು? ತಕ್ಕ ಶಾಸ್ತಿಯಾಯಿತು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಅಪ್ಪ ಇರಬೇಕಿತ್ತು ಅನಿಸಿತು.

ಅಷ್ಟರಲ್ಲಿ ಹಿಂದಿನಿಂದ ಕಾಕಿ ಬಂದಳು. ಎಲ್ಲರಿಗೂ ಬಡಿಸಿ, ಡಬ್ಬಿ ಮುಚ್ಚಿ, ತಾನು ಆಮೇಲೆ ಉಂಡರಾಯಿತೆಂದು ನಮ್ಮ ಹಿಂದೆ ಬಂದಿದ್ದಳು. ಅವಳು ನೀರಿಗೆ ಇಳಿದಿರಲಿಲ್ಲ, ಹೀಗಾಗಿ ಬಡಿಸುವ ಬಲಗೈಯನ್ನಷ್ಟೇ ತೊಳೆದುಕೊಂಡಿದ್ದಳು. ಎಡಗೈಯ ಹಸಿರು ಬಳೆಗಳನ್ನು ಮೇಲೆ ಸರಿಸಿ ಗೇಟಿನವನ ಮುಂದೆ ಹಿಡಿದಳು. ಕೆಳಗೆ ನೀಲಿ ಶಿಕ್ಕಾ ಹಾಗೇ ಇತ್ತು.

ಗೇಟಿನವನು ಪಕ್ಕಕ್ಕೆ ಸರಿದ.

‘ನೀ ಒಬ್ಬಾಕಿ ಹೋಗಿ ಏನ ಮಾಡ್ತಿ?’ ಎಂದ ಕಾಕಾ.

‘ಕುಂತ ಬರ್ತೀನ್ರಿ’ ಎಂದಳು.

‘ಉಂಡರ ಹೋಗ.’

‘ಉಣ್ಣಾಕ ಕುಂತ್ರ ಈ ಕೈನೂ ತೊಳಸ್ತೀರಿ’ ಎಂದು ಕಾಕಿ ಹೊರಳಿಯೂ ನೋಡದೆ ಒಳಗೆ ನಡೆದಳು.

ಮತ್ತೆ ಟಿಕೆಟ್ ತೆಗೆಯೋಣವೆಂದರೆ ‘ಪಟ್ಟ್ಯಾಗ ಇಲ್ಲ’ ಎಂದು ಕಾಕಾ ಒಪ್ಪಲಿಲ್ಲ. ಮುಂದಿನ ಐದು ಗಂಟೆ ನಾವು ಗಾಡಿಗಳ ನಡುವೆ ಬೆಂದೆವು. ಬಿಸಿಲು ಇಳಿದ ಮೇಲೆ ಗೋಡೆಯಾಚೆ ಚಕ್ರ ತಿರುಗಲು ಶುರುವಾಯಿತು. ಕಾಕಾ ಒಮ್ಮೆ ಎಡಗೈ, ಒಮ್ಮೆ ಬಲಗೈ ನೋಡುತ್ತ ಗಾಡಿಯ ಸುತ್ತ ಅಡ್ಡಾಡಿದ. ಕಾಕಿಗೆಂದು ಎರಡು ಚಪಾತಿ, ಪಲ್ಯ ಒಂದು ಡಬ್ಬಿಯಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಂಡಿದ್ದ. ‘ಹೊತ್ತ ಮುಳುಗೂದ್ರಾಗ ಬರ್ತಾಳ’ ಎಂದು ಹತ್ತು ಸಲವಾದರೂ ಹೇಳಿದ. ನಾವೆಲ್ಲ ಆರು ಗಂಟೆಗೆ ಉಂಡೆವು, ಅವನು ಉಣ್ಣಲಿಲ್ಲ. ಹೊತ್ತು ಮುಳುಗಿತು. ಆಮೇಲೆ ಕಾಕಿ ಬಂದಳು. ಕೂದಲು ಕೆದರಿತ್ತು, ಮುಖ ಹೊಳೆಯುತ್ತಿತ್ತು. ಡಬ್ಬಿ ನೋಡಿ, ‘ಇವತ್ತ ಉಪಾಸ ಅಂತ ತಿಳಕೊಳ್ರಿ’ ಎಂದು ಗಾಡಿ ಹತ್ತಿದಳು. ಕಾಕಾ ಡಬ್ಬಿಯನ್ನು ಚೀಲದಲ್ಲಿ ಇಟ್ಟ. ದಾರಿಯಲ್ಲಿ ಒಮ್ಮೆ ಮಾತ್ರ, ‘ಮ್ಯಾಲಿಂದ ಏನ ಕಂಡಿತು?’ ಎಂದು ಕೇಳಿದ.

‘ಕಂಡಿತು’ ಎಂದಳು ಕಾಕಿ. ಅಷ್ಟೇ.

ಆಮೇಲೆ ಕಾಕಾ ಪಟ್ಟಿ ಬರೆಯಲಿಲ್ಲ. ಈ ಕಥೆಯನ್ನು ನಾನು ನಿಪ್ಪಾಣಿಯ ಮದುವೆಯಲ್ಲಿ, ಅಥಣಿಯ ಸೀಮಂತದಲ್ಲಿ, ಬೇಕಾದಲ್ಲಿ ಬೇಡವಾದಲ್ಲಿ ಹೇಳಿ ಮಂದಿಯನ್ನು ನಗಿಸಿದೆ. ಅವನ ಕಿವಿಗೂ ಬಿದ್ದಿರಬೇಕು.

ನಾಲ್ಕು ವರ್ಷದ ನಂತರ ಚೈತ್ರದಲ್ಲೇ ಅವನನ್ನು ನೋಡಲು ಹೋದೆ. ಹಾಸಿಗೆ ಹಿಡಿದಿದ್ದ. ಕೈ ಸಣಕಲಾಗಿ ಗಡಿಯಾರಗಳು ನಿಲ್ಲುತ್ತಿರಲಿಲ್ಲವಾದ್ದರಿಂದ ಎರಡನ್ನೂ ಬಿಚ್ಚಿ ಕಿಟಕಿಯಲ್ಲಿ ಇಟ್ಟಿದ್ದರು. ಮಂಚವನ್ನು ಹಿತ್ತಲ ಬಾಗಿಲಿಗೆ ಹಾಕಿದ್ದರು. ಕಬ್ಬು ಕಡಿದಿತ್ತು, ದೂರದ ರಸ್ತೆ ಕಾಣುತ್ತಿತ್ತು. ಕಾಕಿ ಗಂಜಿ ತಂದಳು. ಎರಡು ಚಮಚ ಕುಡಿದು ಕಾಕಾ ಅವಳ ಕೈ ತಡೆದ.

‘ಇನ್ನರ ಹೇಳ. ಮ್ಯಾಲಿಂದ ಏನ ಕಂಡಿತು?’

ಕಾಕಿ ಬಟ್ಟಲು ಕೆಳಗಿಟ್ಟಳು. ‘ಮೂರ ಸುತ್ತ ಹೊಡೀತ್ರಿ. ಮೊದಲನೇ ಸುತ್ತಿಗೆ ಗುಡ್ಡ ಕಂಡೂವು, ರೈಲ ಕಂಡಿತು. ಎರಡನೇ ಸುತ್ತಿಗೆ ನೀವ ಕಂಡ್ರಿ. ಡಬ್ಬಿ ಹಿಡಕೊಂಡ ಗಾಡಿ ಸುತ್ತ ಅಡ್ಡಾಡತಿದ್ರಿ. ಭಾಳ ಸಣ್ಣಾಗಿ ಕಾಣತಿದ್ರಿ.’

‘ಮೂರನೇದಕ್ಕ?’

‘ಮೂರನೇದಕ್ಕ ನಿಮ್ಮ ಕಡೆ ನೋಡಲಿಲ್ಲ. ನೋಡಿದ್ರ ಇಳದ ಬರಬೇಕ ಅನಸ್ತಿತ್ತು.’

ಕಾಕಾ ದೂರದ ರಸ್ತೆಯತ್ತ ಮುಖ ತಿರುಗಿಸಿದ. ಆಮೇಲೆ ನನ್ನ ಕಡೆ ನೋಡಿ, ಟ್ರಂಕಿನಲ್ಲಿದ್ದ ಹಳೆಯ ಪಟ್ಟಿ ತೆಗೆಯಲು ಹೇಳಿದ. ತೆಗೆದೆ. ‘ಆಕಿ ಹೆಸರಿನ ಮುಂದ ಚೀಲ ಅಂತ ಬರದೈತಿ. ಹೊಡದ ಹಾಕ’ ಎಂದ. ಪೆನ್ನು ಹುಡುಕಿ ಅಡ್ಡಗೆರೆ ಎಳೆದೆ.

‘ಅಲ್ಲಿ ಏನ ಬರೀಲ್ರಿ ಕಾಕಾ?’

‘ಏನೂ ಬರೀಬ್ಯಾಡ’ ಎಂದ. ‘ಖಾಲಿ ಬಿಡ.’

ಜೀವನದಲ್ಲಿ ಒಂದು ನಿಮಿಷವನ್ನೂ ಖಾಲಿ ಬಿಡದ ಮನುಷ್ಯ. ಆ ವಾರದಲ್ಲೇ ಹೋದ. ನನ್ನ ಮಗಳ ಕೈ ತಿಕ್ಕಿ ಕೆಂಪು ಮಾಡಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ ಈಗ ಆ ಕಥೆ ಹೇಳಿ ಯಾರನ್ನೂ ನಗಿಸಲು ಬರುವುದಿಲ್ಲ, ಡಬ್ಬಿ ಹಿಡಿದು ಗಾಡಿಯ ಸುತ್ತ ಅಡ್ಡಾಡುವಲ್ಲಿಗೆ ಬಂದಾಗ ಮಾತು ನಿಂತುಬಿಡುತ್ತದೆ.