ಗಿರಣಿಯವರ ತಲೆಯಾಟ

ಗಿರಣಿಯವರು ಹಿಟ್ಟಿಗಿಂತ ಸಿಟ್ಟನ್ನೇ ನುಣ್ಣಗೆ ಬೀಸುತ್ತಾರೆಂದು ಬೀದಿಯ ಹೆಂಗಸರ ದೂರು. ಮೋಟಾರಿನ ಅಬ್ಬರದಲ್ಲಿ ಯಾರು ಏನೇ ಕೂಗಿ ಹೇಳಲಿ, ಬೆಲ್ಟಿನಿಂದ ಕಣ್ಣು ಕೀಳದೆ ಒಮ್ಮೆ ತಲೆಯಾಡಿಸಿಬಿಡುವರು. ತರಿತರಿ ಬೇಕೆಂದವರಿಗೆ ನುಣ್ಣನೆಯದು ಸಿಗುತ್ತಿತ್ತು. ಕೇಳಲು ಹೋದರೆ, "ಮೊದಲೇ ಬಾಯಿಬಿಟ್ಟು ಹೇಳೋಕೇನು ರೋಗ?" ಎಂಬ ಬೈಗುಳ ಕೊಸರಾಗಿ ಸಿಗುತ್ತಿತ್ತು.

ಈಗ ಗಿರಣಿಗೇ ಕುತ್ತು ಬಂದಿತ್ತು. ಸದ್ದು ತಾಳಲಾರದೆ ಎದುರುಮನೆಯ ಟೈಲರ್ ನಗರಸಭೆಗೆ ಅರ್ಜಿ ಗುಜರಾಯಿಸಿದ್ದ. ಗಿರಣಿಯನ್ನು ಬೀದಿಯಿಂದ ಎತ್ತಿಸಬೇಕೋ ಬೇಡವೋ ಎಂದು ವಾರ್ಡಿನ ಸದಸ್ಯೆ ಹೇಳಬೇಕಿತ್ತು. ಆ ಸದಸ್ಯೆಯೇ ಶಾಲೆಯ ವಸ್ತುಪ್ರದರ್ಶನಕ್ಕೆ ತೀರ್ಪುಗಾರ್ತಿ. ಮಕ್ಕಳು ತಂತಮ್ಮ ಬೀದಿಯ ಒಂದು ತೊಂದರೆಗೆ ತಾವೇ ಉಪಾಯ ಹುಡುಕಿ, ಮಾಡಿ ತೋರಿಸಬೇಕು. ಗಿರಣಿಯವರ ಒಂಬತ್ತನೇ ಕ್ಲಾಸಿನ ಮಗಳು ಹುಡುಕಿದ ತೊಂದರೆ ಗಿರಣಿ.

ಸುದ್ದಿ ಮುಟ್ಟಿಸಿದವನು ಟೈಲರೇ. ಕರೆಂಟು ಹೋಗಿದ್ದಾಗ ಬಂದು, "ಶಾಲೆಯ ಪ್ರದರ್ಶನದಲ್ಲಿ ನಿಮ್ಮ ಮಗಳೇ ನನ್ನ ಕಡೆ ಸಾಕ್ಷಿ, ಯಜಮಾನ್ರೇ!" ಎಂದು ಕಿವಿಯ ಹತ್ತಿರವೇ ಕೂಗಿ ಹೋದ.

ಮೈಮೇಲಿನ ಹಿಟ್ಟನ್ನೂ ಕೊಡವದೆ ಗಿರಣಿಯವರು ಶಾಲೆಯ ಹಾಲಿಗೆ ನುಗ್ಗಿದರು. ಮಗಳ ಮೇಜಿನ ಮೇಲೆ ರಟ್ಟಿನ ಬೀದಿ, ರಟ್ಟಿನ ಗಿರಣಿ, ಒಂದು ಬಜರ್, ಪಕ್ಕದಲ್ಲಿ ಒಳಗೆಲ್ಲ ಗೋಣಿಚೀಲ ಹೊಡೆದ ಮರದ ಪೆಟ್ಟಿಗೆ. ಎದುರಿಗೇ ಸದಸ್ಯೆ.

"ನನ್ನ ಅನ್ನ ತಿಂದು ನನ್ನ ಮಾನಾನೇ ಹರಾಜು ಹಾಕ್ತೀಯೇನೇ?"

"ಕಿರುಚಬೇಡಪ್ಪ. ಮೊದಲು ನೋಡು," ಎಂದು ಮಗಳು ಬಜರಿನ ಗುಂಡಿ ಒತ್ತಿ ಹಿಡಿದಳು.

ಸದಸ್ಯೆ ಕಿವಿ ಮುಚ್ಚಿಕೊಂಡರು. ಅಕ್ಕಪಕ್ಕದ ಮೇಜಿನವರೂ ಮುಖ ಕಿವುಚಿ ಕಿವಿ ಮುಚ್ಚಿಕೊಂಡರು. ಗಿರಣಿಯವರು ಸೊಂಟದ ಮೇಲೆ ಕೈಯಿಟ್ಟು ಕಾದರು.

"ಏನು ನೋಡೋದು? ಮೊದಲು ಗುಂಡಿ ಒತ್ತೇ, ಕತ್ತೆ!"

ಹಾಲಿನಲ್ಲಿ ನಗೆಯೆದ್ದಿತು. ಮಗಳು ನಗಲಿಲ್ಲ. ಒತ್ತಿದ ಗುಂಡಿ ಬಿಡದೆ ಬಜರಿನ ಮೇಲೆ ಪೆಟ್ಟಿಗೆ ಕವುಚಿದಳು. ಎಲ್ಲರ ಕೈ ಕಿವಿಯಿಂದ ಇಳಿಯಿತು. ಸದ್ದೊಂದು ಇತ್ತು, ತಮಗೊಬ್ಬರಿಗೇ ಕೇಳಲಿಲ್ಲ ಎಂಬುದು ಗಿರಣಿಯವರಿಗೆ ಆ ಕೈಗಳನ್ನು ನೋಡಿ ತಿಳಿಯಿತು. ತಿಳಿದದ್ದೇ ಸಿಟ್ಟು ಇಮ್ಮಡಿಯಾಯಿತು.

"ನನಗೊಂದು ಮಾತು ಹೇಳದೆ..."

"ಹೇಳಿದ್ದೆ!" ಮಗಳು ಮುಖಕ್ಕೆ ಮುಖ ಕೊಟ್ಟು, ಅಪ್ಪನ ಸ್ವರದಲ್ಲೇ ಕೂಗಿದಳು. "ಗಿರಣೀಲೇ ನಿಂತು ಹೇಳಿದ್ದೆ. ಮೋಟಾರಿಗೆ ಪೆಟ್ಟಿಗೆ ಮಾಡ್ತೀನಿ, ಸದ್ದು ತಗ್ಗಿದ್ರೆ ನಮ್ಮನ್ನ ಯಾರೂ ಎಬ್ಬಿಸಲ್ಲ ಅಂತ. ನೀನು ತಲೆಯಾಡಿಸಿದೆ. ಗೋಣಿ ತಗೊಳ್ಳಾ ಅಂದೆ. ಆಡಿಸಿದೆ. ಕಿವಿ ಡಾಕ್ಟರಿಗೆ ತೋರಿಸೋಣ ಅಂತ ಅಮ್ಮ ಎಷ್ಟು ಸಲ ಅಂದ್ಲು? ಅದಕ್ಕೂ ಆಡಿಸಿದೆ. ನಿನ್ನ ತಲೆ ಇರೋದು ಬರೀ ಆಡಿಸೋಕೇನಾ?"

ಪೆಟ್ಟಿಗೆ ಎತ್ತಿ ಬಿಸಾಡಲೆಂದು ಕೈಹಾಕಿದ ಗಿರಣಿಯವರು, ಒಳಗಿನ ಗೋಣಿಯಲ್ಲಿ ತಮ್ಮದೇ ಗಿರಣಿಯ ನೀಲಿ ಪಟ್ಟೆ ಕಂಡು ತಡೆದರು.

ಸದಸ್ಯೆ ಹುಬ್ಬು ಗಂಟಿಕ್ಕಿದರು. "ನೋಡಿ, ಒಂದು ತಿಂಗಳು ಟೈಮು. ಇಂಥದ್ದೇ ದೊಡ್ಡದು ಕೂರಿಸಿದ್ರೆ ಗಿರಣಿ ಅಲ್ಲೇ ಇರ್ಲಿ. ಇಲ್ಲಾಂದ್ರೆ ನಾನೇ ಬಂದು ಬೀಗ ಹಾಕಿಸ್ತೀನಿ. ತಿಳೀತಾ?"

ಗದ್ದಲದಲ್ಲಿ ಗಿರಣಿಯವರಿಗೆ ಕಂಡದ್ದು ಅವರ ತುಟಿ ಆಡಿದ್ದಷ್ಟೇ. ರೂಢಿಯಂತೆ ಗದ್ದ ಕೆಳಗಿಳಿಯಿತು. ಮೇಲೇಳುವ ಮೊದಲು ಮಗಳ ಕಣ್ಣು ಕಂಡಿತು. ಗದ್ದ ಅಲ್ಲೇ ನಿಂತಿತು.

"ಏನಂದ್ರಿ?" ಎಂದು ಇಡೀ ಹಾಲು ತಿರುಗಿ ನೋಡುವಂತೆ ಗುಡುಗಿದರು. "ಬಾಯಿಬಿಟ್ಟು ಹೇಳೋಕೇನು ರೋಗ? ಇನ್ನೊಂದ್ಸಲ ಹೇಳಿ!"